ಖಾಲಿ ರೈಲ್‌ಕಾರಿನ ಭಾರ

ದೆವ್ವ ಭೂತದ ಕಥೆ ಹೇಳುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಅಷ್ಟಕ್ಕಷ್ಟೆ. ಅದಕ್ಕೆ ನನ್ನ ಕಸುಬೂ ಒಂದು ಕಾರಣ. ಕುಂದಾಪುರದಲ್ಲಿ ನನ್ನ ಅಜ್ಜ ಶುರುಮಾಡಿ, ಅಪ್ಪ ನಡೆಸಿ, ಈಗ ಮಗಳಾದ ನಾನು ನೋಡಿಕೊಳ್ಳುತ್ತಿರುವ ಒಂದು ಸಣ್ಣ ಫೋಟೋ ಸ್ಟುಡಿಯೋ ಇದೆ. ಫೋಟೋದೊಳಗೆ ದೆವ್ವ ಹೇಗೆ ಬಂದು ಕೂರುತ್ತದೆ ಎಂಬುದು ಸ್ಟುಡಿಯೋದವರಿಗೆ ಗೊತ್ತಿರುವಷ್ಟು ಮಂತ್ರವಾದಿಗಳಿಗೂ ಗೊತ್ತಿರಲಿಕ್ಕಿಲ್ಲ. ಒಂದೇ ಫಿಲ್ಮಿನ ಮೇಲೆ ಎರಡು ಸಲ ಬೆಳಕು ಬಿದ್ದರೆ ಗೋಡೆಯೊಳಗಿಂದ ಹೆಂಗಸು ಹೊರಬರುತ್ತಾಳೆ. ಔಷಧ ಸರಿಯಾಗಿ ತೊಳೆದು ಹೋಗದಿದ್ದರೆ ಮದುಮಗನ ತಲೆಯ ಹಿಂದೆ ಹೊಗೆ ಏಳುತ್ತದೆ. ಒಮ್ಮೆ ವಂಡ್ಸೆ ಕಡೆಯ ಒಂದು ಮನೆಯವರು, ಮದುವೆಯ ಆಲ್ಬಮ್ಮಿನಲ್ಲಿ ತೀರಿಹೋದ ಅತ್ತೆ ನಿಂತಿದ್ದಾರೆ ಎಂದು ಹೆದರಿ ಓಡಿಬಂದಿದ್ದರು. ಅದು ಅತ್ತೆಯಲ್ಲ, ಅಡುಗೆಯವರು ಒಣಹಾಕಿದ ಬಿಳಿ ಪಂಚೆ ಎಂದು ತೋರಿಸಿ, ಚಹಾ ಕುಡಿಸಿ ಕಳಿಸಿದೆ. ಅವರು ಮೆಟ್ಟಿಲಿಳಿದ ಮೇಲೆ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆ.

ಈಗ ಹೇಳಹೊರಟಿರುವುದನ್ನು ನೀವು ನಂಬಲೇಬೇಕು ಎಂಬ ಹಟ ನನಗಿಲ್ಲ. ನೀನು ನಂಬುತ್ತೀಯಾ ಎಂದು ನೀವೇ ನನ್ನನ್ನು ಕೇಳಿದರೆ ಉತ್ತರ ಕೊಡುವುದು ಕಷ್ಟ. ಆದದ್ದನ್ನು ಆದ ಹಾಗೆ ಬರೆಯುತ್ತೇನೆ. ಕೆಲವು ವರ್ಷಗಳ ಹಿಂದಿನ ಮಾತು. ಇದರಲ್ಲಿ ರಾತ್ರಿಯಿಲ್ಲ, ಸ್ಮಶಾನವಿಲ್ಲ, ಕರೆಂಟೂ ಹೋಗಿರಲಿಲ್ಲ. ಹಾಡುಹಗಲು ನಡೆದದ್ದು. ರಾತ್ರಿ ನಡೆದಿದ್ದರೆ ನಿದ್ದೆಗಣ್ಣು ಎಂದು ನಾನೇ ನನ್ನನ್ನು ಸಮಾಧಾನ ಮಾಡಿಕೊಳ್ಳಬಹುದಿತ್ತು.

ನಾವು ಐದಾರು ಜನ ರೈಲಿನ ಹುಚ್ಚಿನವರು. ಕುಂದಾಪುರ, ಬೈಂದೂರು ಸ್ಟೇಷನ್ನುಗಳ ಪ್ಲಾಟ್‌ಫಾರ್ಮಿನ ತುದಿಯಲ್ಲಿ ನಿಂತು ಎಂಜಿನ್ನುಗಳ ಫೋಟೋ ತೆಗೆಯುತ್ತ ಪರಿಚಯವಾದವರು. ಆಮೇಲೆ ಹುಚ್ಚು ಹಳೆಯ ನ್ಯಾರೋ ಗೇಜ್ ಗಾಡಿಗಳ ಕಡೆ ಹೊರಳಿತು. ಒಂದು ಹಳಿಯ ಮೇಲೆ ಒಂದು ಕಾಲು, ಇನ್ನೊಂದರ ಮೇಲೆ ಇನ್ನೊಂದು ಕಾಲು ಇಟ್ಟು ಆರಾಮವಾಗಿ ನಿಲ್ಲಬಹುದಾದಷ್ಟು ಕಿರಿದಾದ ಹಳಿಗಳು ಅವು. ಪ್ರತಿ ಭಾನುವಾರ ಮಧ್ಯಾಹ್ನ ಉಂಡು ನನ್ನ ಸ್ಟುಡಿಯೋದಲ್ಲಿ ಸೇರುವುದು, ಎಲ್ಲೆಲ್ಲಿಂದಲೋ ಸಂಪಾದಿಸಿದ ಹಳೆಯ ಫೋಟೋಗಳನ್ನು ದೊಡ್ಡದು ಮಾಡಿ ಮೇಜಿನ ಮೇಲೆ ಹರಡುವುದು, ಭೂತಗನ್ನಡಿ ಹಿಡಿದು ಚಕ್ರದ ಕಡ್ಡಿ ಎಣಿಸುವುದು, ನೆರಳು ಬಿದ್ದ ದಿಕ್ಕಿನಿಂದ ಹೊತ್ತು ಎಷ್ಟೆಂದು ಜಗಳ ಮಾಡುವುದು. ಒಂದು ಬೋಲ್ಟಿನ ವಿಷಯಕ್ಕೆ ತಿಂಗಳುಗಟ್ಟಲೆ ಮಾತು ಬಿಟ್ಟವರು ನಮ್ಮಲ್ಲಿದ್ದಾರೆ. ಮನೆಯವರು ನಮ್ಮನ್ನು ಕೆಲಸವಿಲ್ಲದ ಬಡಗಿಗಳ ಲೆಕ್ಕಕ್ಕೆ ಸೇರಿಸಿ ಸುಮ್ಮನಾಗಿದ್ದರು.

ಈ ಗುಂಪಿನಲ್ಲಿ ಇಬ್ಬರ ಪರಿಚಯ ನಿಮಗೆ ಬೇಕು. ಒಬ್ಬರು ರಘುರಾಮ ಮೇಷ್ಟ್ರು. ಬೈಂದೂರಿನವರು, ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಿ ನಿವೃತ್ತರಾದವರು. ತಮಾಷೆಯ ಮನುಷ್ಯ, ಆದರೆ ತಾನು ಹೇಳಿದ್ದು ತಪ್ಪು ಎಂದು ಒಪ್ಪಿದ್ದನ್ನು ಯಾರೂ ಕಂಡಿಲ್ಲ. ಇನ್ನೊಬ್ಬ ಸುಧಾಕರ. ಗಂಗೊಳ್ಳಿಯಲ್ಲಿ ಐಸ್ ಪ್ಲಾಂಟ್ ನಡೆಸುತ್ತಾನೆ. ನನಗಿಂತ ಸಣ್ಣವನು, ಅಕ್ಕ ಎಂದೇ ಕರೆಯುವುದು.

ಆ ವರ್ಷ ಸ್ಟುಡಿಯೋದ ಮಾಡಿನ ಕೆಲಸಕ್ಕೆಂದು ಅಟ್ಟ ಖಾಲಿ ಮಾಡುವಾಗ ಅಜ್ಜನ ಕಾಲದ ಒಂದು ಮರದ ಪೆಟ್ಟಿಗೆ ಸಿಕ್ಕಿತು. ಒಳಗೆ ಗಾಜಿನ ನೆಗೆಟಿವ್‌ಗಳು. ಹೆಚ್ಚಿನವು ಗೆದ್ದಲು ಮಣ್ಣು ಹಿಡಿದು, ಒಡೆದು ಹಾಳಾಗಿದ್ದವು. ಉಳಿದವುಗಳಲ್ಲಿ ಒಂದನ್ನು ಬೆಳಕಿಗೆ ಹಿಡಿದೆ. ಅದರಲ್ಲಿ ಒಂದು ರೈಲ್‌ಕಾರ್ ನಿಂತಿತ್ತು. ಹಳೆಯ ಬಸ್ಸಿನ ದೇಹವನ್ನು ಕಿರಿದಾದ ಹಳಿಯ ಚಕ್ರಗಳ ಮೇಲೆ ಕೂರಿಸಿದ ಹಾಗಿನ ಗಾಡಿ, ಮುಂದೆ ಮೋಟಾರಿನ ಮೂತಿ, ಗಾಜಿಲ್ಲದ ಕಿಟಕಿಗಳು, ಒಳಗೆ ಮರದ ಬೆಂಚುಗಳು. ಪಕ್ಕದಲ್ಲಿ ಹೊಳೆ, ಹಿಂದೆ ತೆಂಗಿನ ಮರಗಳು. ಪೆಟ್ಟಿಗೆಯ ಮುಚ್ಚಳದ ಮೇಲೆ ಅಜ್ಜ ಬರೆದಿದ್ದ ಊರಿನ ಹೆಸರಿನಿಂದ, ಅದು ಬ್ರಹ್ಮಾವರದ ಕಡೆ ಬಹಳ ಹಿಂದೆ ಮುಚ್ಚಿಹೋದ ಒಂದು ಹೆಂಚಿನ ಕಾರ್ಖಾನೆಯ ಗಾಡಿ ಎಂದು ತಿಳಿಯಿತು. ಗದ್ದೆಯಿಂದ ಜೇಡಿಮಣ್ಣು ತರಲು, ಹೆಂಚನ್ನು ಹೊಳೆಬದಿಯಲ್ಲಿ ದೋಣಿ ನಿಲ್ಲುವ ದಕ್ಕೆಗೆ ಸಾಗಿಸಲು ಅವರು ಹಳಿ ಹಾಕಿಸಿಕೊಂಡಿದ್ದರಂತೆ. ನಮ್ಮ ಮನೆಬಾಗಿಲಲ್ಲೇ ನ್ಯಾರೋ ಗೇಜ್ ಇತ್ತೆಂದರೆ ನಮ್ಮಂಥ ಹುಚ್ಚರಿಗೆ ಇನ್ನೇನು ಬೇಕು!

ಮುಂದಿನ ಭಾನುವಾರ ಸುಧಾಕರ ತನ್ನ ತಾಯಿಯನ್ನೂ ಕರೆದುಕೊಂಡು ಬಂದ. ಅವನ ಹೆಂಡತಿ ಮಗಳ ಬಾಣಂತನಕ್ಕೆಂದು ಮುಂಬೈಗೆ ಹೋಗಿದ್ದಳು. ತಾಯಿಗೆ ಹೃದಯದ ತೊಂದರೆ ಇದ್ದುದರಿಂದ ಮನೆಯಲ್ಲಿ ಒಬ್ಬರನ್ನೇ ಬಿಡಲು ಅವನಿಗೆ ಧೈರ್ಯವಿರಲಿಲ್ಲ. ಪದ್ಮಾವತಿ ಅವರ ಹೆಸರು, ಊರಿಗೆಲ್ಲ ಪದ್ದಕ್ಕ. ಎಪ್ಪತ್ತು ದಾಟಿದ, ಬುಟ್ಟಿ ಹೊತ್ತು ಮೀನು ಮಾರಿ ಮಗನನ್ನು ಓದಿಸಿದ ಗಟ್ಟಿ ಹೆಂಗಸು. ಕಣ್ಣಿಗೆ ಪೊರೆ ಬಂದು ಮುಖಗಳು ಸರಿಯಾಗಿ ಕಾಣುತ್ತಿರಲಿಲ್ಲ. ಬಾಗಿಲ ಬಳಿ ಗಿರಾಕಿಗಳಿಗೆಂದು ಹಾಕಿದ ಬೆಂಚಿನ ಮೇಲೆ ಬೀದಿಗೆ ಮುಖ ಮಾಡಿ ಕೂತು ಎಲೆಯಡಿಕೆ ಹಾಕಿಕೊಳ್ಳುತ್ತಿದ್ದರು.

ಒಳಗೆ ನಾವು ಗಾಜನ್ನು ದೀಪದ ಮೇಜಿನ ಮೇಲಿಟ್ಟು, ನಾನು ಮಾಡಿದ್ದ ದೊಡ್ಡ ಪ್ರಿಂಟನ್ನು ಪಕ್ಕದಲ್ಲಿ ಹರಡಿ ಶುರುಮಾಡಿದೆವು. ಹಳಿಯ ಮೇಲೆ ತುಕ್ಕು, ಚಕ್ರದ ಮುಂದೆ ಎತ್ತರದ ಹುಲ್ಲು. ಗಾಡಿ ತಿಂಗಳುಗಟ್ಟಲೆ ಕದಲಿಲ್ಲ ಎಂದು ತೀರ್ಮಾನವಾಯಿತು. ಈ ಬದಿಯ ಕಿಟಕಿಯಿಂದ ಆ ಬದಿಯ ಕಿಟಕಿ ದಾಟಿ ತೆಂಗಿನ ಮರ ಕಾಣುತ್ತಿದ್ದುದರಿಂದ ಒಳಗೆ ಜನವಾಗಲಿ ಸಾಮಾನಾಗಲಿ ಇಲ್ಲ ಎಂಬುದೂ ಸ್ಪಷ್ಟ. ಆದರೆ ಒಂದು ವಿಷಯ ತಾಳೆಯಾಗಲಿಲ್ಲ. ಲಾರಿಯ ಚಕ್ರದ ಹತ್ತಿರ ಒಂದರ ಮೇಲೊಂದು ಜೋಡಿಸಿದ ಉಕ್ಕಿನ ಪಟ್ಟಿಗಳ ಸ್ಪ್ರಿಂಗ್ ನೀವು ನೋಡಿರುತ್ತೀರಿ. ಭಾರವಿಲ್ಲದಾಗ ಅದು ಬಿಲ್ಲಿನಂತೆ ಬಾಗಿರುತ್ತದೆ, ಭಾರ ಬಿದ್ದಾಗ ನೇರವಾಗುತ್ತದೆ. ಈ ಗಾಡಿಯ ಮುಂದಿನ ಒಂದು ಬದಿಯ ಸ್ಪ್ರಿಂಗ್ ಪೂರ್ತಿ ನೇರವಾಗಿ, ಗಾಡಿಯೇ ಆ ಬದಿಗೆ ಸ್ವಲ್ಪ ವಾಲಿತ್ತು. ಮೇಷ್ಟ್ರು ಪ್ರಿಂಟಿನ ಮೇಲೆ ಆ ಸ್ಪ್ರಿಂಗಿನ ಉದ್ದಕ್ಕೂ ಕೆಂಪು ಪೆನ್ನಿನಲ್ಲಿ ಒಂದು ನೇರ ಗೆರೆ ಎಳೆದರು.

"ಹ್ವಾಯ್, ಇಲ್ಕಾಣಿ. ಈ ಬದಿ ಪೂರ ಚಪ್ಟೆ ಆಯ್ತ್. ಒಳ್ಗೆ ಯಾರೋ ಕೂಕಂಡಿದ್ರ್ ಮಾರಾಯ್ರೆ, ನಮ್ಗ್ ಕಾಂತಿಲ್ಲೆ ಅಷ್ಟೆ" ಎಂದರು. ನಾವೆಲ್ಲ ನಕ್ಕೆವು. ರೈಲಿನ ಹುಚ್ಚಿನವರು ಹೀಗೇ ಮಾತಾಡುವುದು. ಗಾಡಿಯ ವಿಷಯ ಬಂದರೆ ಪಕ್ಕದಲ್ಲಿ ಯಾರು ಕೂತಿದ್ದಾರೆ, ಏನು ಕೇಳಿಸಿಕೊಳ್ಳುತ್ತಿದ್ದಾರೆ ಎಂಬ ಪರಿವೆಯೇ ನಮಗಿರುವುದಿಲ್ಲ.

ಬಾಗಿಲ ಬಳಿಯಿಂದ ಪದ್ದಕ್ಕನ ದನಿ ಬಂತು. "ಅದ್ ಎಂತ ಗಾಡಿ ಸುಧಾಕರಾ?"

"ಬ್ರಹ್ಮಾವರ ಬದಿ ಹಂಚಿನ ಕಾರ್ಖಾನೆದ್ ಅಮ್ಮ. ಹಳಿ ಮೇಲೆ ಹೋಪು ಗಾಡಿ."

ಆಕೆ ಮತ್ತೆ ಕೇಳಿದರು, "ಚಪ್ಟೆ ಆದ್ದ್ ಡ್ರೈವರ್ ಕೂಕಂಬು ಬದಿಯಾ?"

"ಹೌದ್, ಡ್ರೈವರ್ ಬದಿಯೇ. ನಿಮ್ಗ್ ಹ್ಯಾಂಗ್ ಗೊತ್ತಾಯ್ತ್ ಪದ್ದಕ್ಕ?" ಎಂದು ಮೇಷ್ಟ್ರು ಆಶ್ಚರ್ಯಪಟ್ಟರು. ಪದ್ದಕ್ಕ ಅರ್ಧ ಜಗಿದ ಎಲೆಯನ್ನು ಹೊರಗೆ ಹೋಗಿ ಉಗಿದು ಬಂದು ಮತ್ತೆ ಕೂತರು.

ಅವರೆಲ್ಲ ಚಹಾ ಕುಡಿಯಲು ಎದುರಿನ ಹೋಟೆಲಿಗೆ ಹೋದಾಗ ಪದ್ದಕ್ಕ 'ಹೆಣೆ' ಎಂದು, ಅಂದರೆ ಹುಡುಗಿ ಎಂದು, ನನ್ನನ್ನು ಹತ್ತಿರ ಕರೆದರು. ಆ ಗಾಡಿ ಓಡಿಸುತ್ತಿದ್ದದ್ದು ಅವರ ತಂದೆ. ಪದ್ದಕ್ಕ ಇನ್ನೂ ತಾಯಿಯ ಹೊಟ್ಟೆಯಲ್ಲಿದ್ದಾಗ ಒಂದು ದಿನ ಬೆಳಿಗ್ಗೆ ಕೆಲಸಕ್ಕೆ ಹೋದವರು ತಿರುಗಿ ಬರಲಿಲ್ಲ. ಗಾಡಿ ದಕ್ಕೆಯ ಹತ್ತಿರ ಬ್ರೇಕ್ ಹಾಕಿ ನಿಂತಿತ್ತು, ಅವರಿರಲಿಲ್ಲ. ಹೊಳೆಯಲ್ಲಿ ಹುಡುಕಿದರು, ಏನೂ ಸಿಗಲಿಲ್ಲ. ಹೆಂಡತಿಯನ್ನು ಬಿಟ್ಟು ಬೊಂಬಾಯಿಗೆ ಓಡಿಹೋದ ಎಂದು ಊರು ತೀರ್ಮಾನ ಮಾಡಿತು. ಓಡಿಹೋದವನ ಮಗಳು ಎಂಬ ಹೆಸರು ಪದ್ದಕ್ಕನ ಬೆನ್ನಿಗೆ ಬಿತ್ತು. ತಾಯಿ ಆ ಗಂಡ ಬದುಕಿದ್ದಾನೆ ಎಂದುಕೊಂಡೇ ಬಾಳಿ, ಮುತ್ತೈದೆಯಾಗಿಯೇ ಕಣ್ಣು ಮುಚ್ಚಿದರು. ಮಗ ಸುಧಾಕರನಿಗೆ ಅಜ್ಜ ಊರು ಬಿಟ್ಟವರು ಎಂಬಷ್ಟು ಮಾತ್ರ ಗೊತ್ತು. ಯಾವ ಕೆಲಸ ಮಾಡುತ್ತಿದ್ದರು ಎಂಬುದನ್ನು ಕೂಡ ಆ ಮನೆಯಲ್ಲಿ ಯಾರೂ ಆಡುತ್ತಿರಲಿಲ್ಲ.

"ಬೊಂಬಾಯಿಂದ ಬಂದವ್ರ್ ಒಬ್ರಾರೂ ಕಂಡೆ ಅಂದೇಳಿ ಹೇಳ್ಲಿಲ್ಲೆ ಹೆಣೆ," ಎಂದರು ಪದ್ದಕ್ಕ. "ಗಾಡಿ ಒಳ್ಗೇ ಕೂಕಂಡಿದ್ರ್ ಅಂದೇಳಿ ಯಾರಿಗ್ ಗೊತ್ತಿತ್?"

ಮೇಷ್ಟ್ರು ಹೇಳಿದ್ದು ತಮಾಷೆ, ಅದು ಬರೀ ಸ್ಪ್ರಿಂಗಿನ ವಿಷಯ ಎಂದು ಬಿಡಿಸಿ ಹೇಳಿದೆ. ಆಕೆ ಕೇಳಿಸಿಕೊಂಡರು, ತಲೆಯಾಡಿಸಿದರು, ಒಪ್ಪಲಿಲ್ಲ.

ಮುಂದಿನ ಭಾನುವಾರ ಮೆಟ್ಟಿಲು ಹತ್ತಿ ಬಂದವರೇ ಮೊದಲು ಕೇಳಿದ್ದು, "ಇನ್ನೂ ಕೂಕಂಡಿದ್ರಾ ಹೆಣೆ?" ನಾನು ಮೇಜಿನ ಬಳಿ ಹೋಗಿ ನೋಡಿ ಬಂದೆ. ಸ್ಪ್ರಿಂಗ್ ನೇರವಾಗಿಯೇ ಇತ್ತು. ಇರದೆ ಏನಾಗುತ್ತದೆ, ಫೋಟೋ ತಾನೆ? ಆದರೂ ನೋಡಲು ಹೋದೆನಲ್ಲ, ಅದೇ ನನಗೆ ಸಿಟ್ಟು ತರಿಸಿತು. ಅದರ ಮುಂದಿನ ವಾರವೂ ಅದೇ ಪ್ರಶ್ನೆ. ಅದರ ಮುಂದೆಯೂ ಅದೇ. ಸಂಜೆ ಒಬ್ಬಳೇ ಸ್ಟುಡಿಯೋ ಮುಚ್ಚುವಾಗ ಆ ಮೇಜಿನ ಮೇಲೆ ಬಟ್ಟೆ ಹೊದಿಸಿಯೇ ದೀಪ ಆರಿಸುತ್ತಿದ್ದೆ. ಖಾಲಿ ಗಾಡಿಯ ಆ ಓರೆ ನಿಲುವು ನನ್ನ ಕಣ್ಣಿಗೆ ಕಟ್ಟಿಬಿಟ್ಟಿತ್ತು. ಬಸ್ಸಿನಲ್ಲಿ ಯಾರಾದರೂ ಪಕ್ಕಕ್ಕೆ ಬಂದು ಕೂತು ಸೀಟು ಕುಸಿದರೂ ಬೆಚ್ಚಿಬೀಳುವಂತಾಯಿತು.

ಮಹಾಲಯ ಅಮಾವಾಸ್ಯೆ ಹತ್ತಿರ ಬಂದಾಗ ಸುಧಾಕರ ಫೋನ್ ಮಾಡಿದ. ದನಿಯಲ್ಲಿ ಜೀವವಿರಲಿಲ್ಲ. "ಅಕ್ಕ, ಅಮ್ಮ ಹಾರ್ಟ್ ಆಪರೇಷನ್ ಬ್ಯಾಡ ಅಂತ್ರ್. ಡಾಕ್ಟ್ರ್ ತಡ ಮಾಡುಕಾಗ ಅಂದಿರ್. ಉಂಬುದೂ ಕಮ್ಮಿ ಮಾಡಿರ್. ನೀವೊಂದ್ ಮಾತ್ ಹೇಳಿ, ಆ ಫೋಟೋ ಹಾಳಾಯ್ತ್ ಅಂದೇಳಿ. ನೀವ್ ಹೇಳ್ರೆ ನಂಬ್ತ್ರ್."

ನಾನು ಗಂಗೊಳ್ಳಿಗೆ ಹೋದೆ. ಪದ್ದಕ್ಕ ಜಗಲಿಯಲ್ಲಿ ಗೋಡೆಗೆ ಒರಗಿ ಕೂತಿದ್ದರು, ಮುಖ ಇಳಿದುಹೋಗಿತ್ತು. ಕಬ್ಬಿಣ ಹಳತಾದರೆ ತಾನಾಗಿಯೇ ಸೋಲುತ್ತದೆ, ಸ್ಪ್ರಿಂಗ್ ಹಾಗೆ ಚಪ್ಪಟೆಯಾಗಿರಬಹುದು ಎಂದೆ. ಅದು ಪೂರ್ತಿ ಸುಳ್ಳೂ ಅಲ್ಲ. ಆಕೆ ನನ್ನ ಕೈ ಹಿಡಿದುಕೊಂಡರು.

"ಭಾರ ಇಲ್ದೆ ಬಗ್ಗುದ್ ಇತ್ತಾ ಹೆಣೆ? ನನ್ನ ತಲಿ ಮೇಲೆ ಬುಟ್ಟಿ ಹೊತ್ತ್ ಕುತ್ತ್ಗಿ ಬಗ್ಗಿತ್. ಸುಮ್ನೆ ಬಗ್ಗಿತಾ?"

ಆಮೇಲೆ ಮನಸ್ಸಿನಲ್ಲಿದ್ದದ್ದನ್ನು ಹೇಳಿದರು. ತೀರಿಹೋದ ಹಿರಿಯರಿಗೆಲ್ಲ ಆ ಅಮಾವಾಸ್ಯೆಯ ದಿನ ಬಾಳೆ ಎಲೆ ಹಾಕಿ ಬಡಿಸುವುದು ನಮ್ಮ ಕಡೆಯ ಪದ್ಧತಿ. ಬದುಕಿರುವವರಿಗೆ ಎಲೆ ಹಾಕಬಾರದು, ಹಾಕಿದರೆ ಅವರ ಸಾವು ಬಯಸಿದ ಹಾಗೆ. ಹೀಗಾಗಿ ಆ ತಂದೆಗೆ ಒಂದೇ ಒಂದು ವರ್ಷವೂ ಆ ಮನೆಯಲ್ಲಿ ಎಲೆ ಬಿದ್ದಿರಲಿಲ್ಲ. ಬದುಕಿದ್ದರೂ ನೂರು ದಾಟುವ ವಯಸ್ಸು ಎಂದು ಪದ್ದಕ್ಕನಿಗೆ ಗೊತ್ತಿಲ್ಲದೆ ಇಲ್ಲ.

"ಅಮ್ಮ ಕುಂಕುಮ ಇಟ್ಕಂಡೇ ಹ್ವಾದ್ಲ್. ನಾನ್ ಅವ್ರಿಗ್ ಎಲೆ ಹಾಕ್ರೆ ಆ ಕುಂಕುಮ ನಾನೇ ಒರ್ಸದಂಗೆ ಆತ್ತಿಲ್ಯಾ? ಹಾಕ್ದೇ ಇದ್ರೆ, ನಾನ್ ಆಪರೇಷನ್ ಮಾಡ್ಸಿ ಏಳ್ದೇ ಹ್ವಾರೆ, ಅವ್ರಿಗ್ ಒಂದ್ ಎಲೆ ಹಾಕುವರ್ ಯಾರ್? ಸುಧಾಕರಂಗ್ ಅವ್ರ್ ಹೆಸ್ರೂ ಗೊತ್ತಿಲ್ಲೆ. ಅವ್ರ್ ಅಲ್ಲೇ ಕೂಕಂಡಿದ್ರೆ ನಾನ್ ಎಂತ ಮಾಡುದ್ ಹೇಳ್?"

ಸುಧಾಕರ ಹೇಳಿಕೊಟ್ಟ ಸುಳ್ಳನ್ನು ಹೇಳಲಿಲ್ಲ. ಫೋಟೋ ಹಾಳಾಗಿದೆ ಎಂದರೆ ಆಕೆ ನಂಬುತ್ತಿದ್ದರೋ ಏನೋ. ಆದರೆ ಆ ಗಾಡಿಯಲ್ಲಿ ಕೂತವರನ್ನೂ ಕಳೆದುಕೊಂಡರೆ ಆಕೆಗೆ ಉಳಿಯುವುದು ಬೊಂಬಾಯಿಗೆ ಓಡಿಹೋದ ಗಂಡಸು ಮಾತ್ರ. ನಾಡಿದ್ದು ಭಾನುವಾರ ಬನ್ನಿ, ನೋಡೋಣ ಎಂದು ಹೇಳಿ ಎದ್ದುಬಂದೆ. ದಾರಿಯುದ್ದಕ್ಕೂ ಮೇಷ್ಟ್ರ ಮೇಲೆ, ಅಜ್ಜನ ಮೇಲೆ, ನನ್ನ ಮೇಲೆ ಕೋಪ ಮಾಡಿಕೊಂಡೆ.

ಆ ಭಾನುವಾರ ಅಮಾವಾಸ್ಯೆಗೆ ಮೊದಲಿನದು. ಒಳ್ಳೆ ಬಿಸಿಲಿತ್ತು. ಗುಂಪಿನ ಉಳಿದವರು ಬಂದಿರಲಿಲ್ಲ. ಸುಧಾಕರ ತಾಯಿಯನ್ನು ಬೆಂಚಿನ ಮೇಲೆ ಕೂರಿಸಿ ಮಾತ್ರೆ ತರಲು ಹೋದ. ಮೇಷ್ಟ್ರು ಕುರ್ಚಿಯಲ್ಲಿ ಕೂತು ಕನ್ನಡಕ ಒರೆಸುತ್ತಿದ್ದರು. ಪದ್ದಕ್ಕ ಅಂದು ಏನೂ ಕೇಳಲಿಲ್ಲ, ಮೆಟ್ಟಿಲು ಹತ್ತಿದ ಸುಸ್ತಿಗೆ ಉಬ್ಬಸ ಪಡುತ್ತಿದ್ದರು. ಆಕೆ ಕೇಳುವ ಮೊದಲೇ ನೋಡಿಬಿಡೋಣ ಎಂದು ನಾನು ಮೇಜಿನ ಬಟ್ಟೆ ತೆಗೆದೆ. ಸ್ಪ್ರಿಂಗ್ ನೇರವಾಗಿತ್ತು, ಗಾಡಿ ಓರೆಯಾಗಿತ್ತು. ಇದನ್ನು ನಾನು ನೋಡಿದ್ದೇನೆ. ಯಾವ ದೇವಸ್ಥಾನದಲ್ಲಿ ಬೇಕಾದರೂ ಹೇಳುತ್ತೇನೆ. ಗಾಜಿನ ಮೇಲೆ ಕೂತಿದ್ದ ಧೂಳನ್ನು ಊದಿ ಭೂತಗನ್ನಡಿಗಾಗಿ ಡ್ರಾಯರಿನಲ್ಲಿ ಕೈಯಾಡಿಸಿದೆ.

ಬಾಗಿಲ ಬಳಿ ಪದ್ದಕ್ಕ, "ಇಳ್ದ್ರ್" ಎಂದರು.

ಜೋರಾಗಿ ಹೇಳಿದ್ದಲ್ಲ. ಯಾರೋ ಹೊರೆ ಇಳಿಸಿದಾಗ ನೋಡುತ್ತಿದ್ದವರು ಹೇಳುವ ಹಾಗೆ.

"ಯಾರ್ ಪದ್ದಕ್ಕ?" ಎಂದೆ. ಆಕೆ ತಿರುಗಲಿಲ್ಲ. ಬೀದಿಯನ್ನೇ ನೋಡುತ್ತಿದ್ದರು. ಉಬ್ಬಸ ನಿಂತಿತ್ತು.

ನಾನು ಭೂತಗನ್ನಡಿ ಹಿಡಿದು ಬಗ್ಗಿದೆ. ಗಾಡಿ ನೆಟ್ಟಗೆ ನಿಂತಿತ್ತು. ಸ್ಪ್ರಿಂಗ್ ಬಿಲ್ಲಿನಂತೆ ಬಾಗಿತ್ತು, ಇನ್ನೊಂದು ಬದಿಯದು ಹೇಗೋ ಹಾಗೆಯೇ. ಗಾಜು ಬದಲಾಗಿದೆ ಎಂದುಕೊಂಡೆ. ಬದಲಾಗಿರಲಿಲ್ಲ. ಅದೇ ಒಡೆದ ಮೂಲೆ, ತೆಂಗಿನ ಮರದ ಮೇಲೆ ಅದೇ ಗೀರು. ಪೆಟ್ಟಿಗೆಯಲ್ಲಿ ಈ ಗಾಡಿಯ ಗಾಜು ಇದ್ದದ್ದು ಇದೊಂದೇ. ಡ್ರಾಯರಿನಿಂದ ಮೊದಲ ಪ್ರಿಂಟನ್ನು ಎಳೆದೆ. ಮೇಷ್ಟ್ರು ಎಳೆದ ಕೆಂಪು ಗೆರೆ ಅಲ್ಲೇ ಇತ್ತು, ನೇರವಾಗಿ. ಆದರೆ ಅದಕ್ಕೆ ತಾಗಿ ಇರಬೇಕಾದ ಸ್ಪ್ರಿಂಗ್ ಅಲ್ಲಿರಲಿಲ್ಲ. ಅದು ಗೆರೆಯಿಂದ ಕೆಳಗಿಳಿದು ಬಾಗಿಕೊಂಡಿತ್ತು, ಗೆರೆ ಖಾಲಿ ಜಾಗದಲ್ಲಿ ನಿಂತಿತ್ತು. ಕಂಪ್ಯೂಟರಿನಲ್ಲಿ ಸ್ಕ್ಯಾನ್ ಮಾಡಿಟ್ಟಿದ್ದನ್ನು ತೆಗೆದು ನೋಡಿದೆ. ಅದರಲ್ಲೂ ಹಾಗೆಯೇ.

ನನ್ನ ಮುಖ ನೋಡಿ ಮೇಷ್ಟ್ರು ಎದ್ದು ಬಂದರು. ಪ್ರಿಂಟನ್ನು ಹತ್ತಿರ ಹಿಡಿದು, ದೂರ ಹಿಡಿದು ನೋಡಿದರು. ಕೊನೆಗೆ, "ಭಾರ ಬಿದ್ರೆ ಹ್ಯಾಂಗ್ ಇರ್ತಿತ್ ಅಂದೇಳಿ ತೋರ್ಸುಕ್ ನಾನೇ ಗೆರೆ ಹಾಕದ್ದ್ ಅಲ್ದಾ?" ಎಂದರು. ಹಾಗಾದರೆ ಯಾರೋ ಕೂತಿದ್ದಾರೆ ಎಂದು ನೀವೇ ಯಾಕೆ ಹೇಳಿದಿರಿ ಎಂದು ಕೇಳಿದೆ. ತಮಾಷೆಗೆ ಎಂದರು. ಹಾಗೆಂದವರು ಹಾಳೆಯನ್ನು ಮೇಜಿನ ಮೇಲೆ ಬೋರಲು ಹಾಕಿದರು. ಮಾತ್ರೆ ತಂದ ಸುಧಾಕರನನ್ನು ಕೇಳಿದರೆ, ತಾನು ಯಾವಾಗಲೂ ಎಂಜಿನ್ನಿನ ಮೂತಿಯನ್ನು ಮಾತ್ರ ನೋಡಿದ್ದು, ಸ್ಪ್ರಿಂಗಿನ ಕಡೆ ಗಮನವೇ ಕೊಟ್ಟಿಲ್ಲ ಎಂದ. ಇತರರನ್ನು ಆಮೇಲೆ ಕೇಳಿದೆ. ಒಬ್ಬರು ನೇರವಿತ್ತು ಎಂದರು, ಒಬ್ಬರು ನೆನಪಿಲ್ಲ ಎಂದರು.

ಇನ್ನೊಂದು ಮಾತನ್ನೂ ಪ್ರಾಮಾಣಿಕವಾಗಿ ಹೇಳಬೇಕು. ನನ್ನ ಸ್ಟುಡಿಯೋದ ಎದುರು ಬಸ್ಸು ನಿಲ್ಲುತ್ತದೆ. ಪದ್ದಕ್ಕ ಬಸ್ಸಿನಿಂದ ಇಳಿದ ಯಾರನ್ನೋ ಕುರಿತು ಹಾಗೆ ಹೇಳಿರಬಹುದು. ಆ ಹೊತ್ತಿಗೆ ಬಸ್ಸು ಬಂದಿತ್ತೇ ಇಲ್ಲವೇ ಎಂದು ಎಷ್ಟು ನೆನಪಿಸಿಕೊಂಡರೂ ನನಗೆ ನೆನಪಾಗುವುದಿಲ್ಲ. ಆಕೆಯನ್ನು ಕೇಳಬಹುದಿತ್ತು. ಕೇಳಲಿಲ್ಲ. ಕೇಳುವ ಅಗತ್ಯವೂ ಬೀಳದ ಹಾಗೆ ಆಕೆಯೇ ನನ್ನನ್ನು ಕರೆದು ಹೇಳಿದರು, "ಅಮಾವಾಸ್ಯಿಗ್ ನೀನ್ ಬರ್ಕ್ ಹೆಣೆ. ಎಲೆ ಹಾಕ್ತೆ."

ನೀವು ಗಾಬರಿಪಡುವುದು ಬೇಡ ಎಂದು ಇಲ್ಲೇ ಹೇಳಿಬಿಡುತ್ತೇನೆ. ಅಮಾವಾಸ್ಯೆ ಕಳೆದ ಮರುವಾರ ಪದ್ದಕ್ಕನ ಆಪರೇಷನ್ ಆಯಿತು. ಆಕೆ ನಡೆದುಕೊಂಡೇ ಮನೆಗೆ ಬಂದರು, ಈಗಲೂ ಗಟ್ಟಿಯಾಗಿದ್ದಾರೆ. ಆದರೆ ಅಮಾವಾಸ್ಯೆಯ ಸಂಜೆ ಗಂಗೊಳ್ಳಿಯ ಆ ಮನೆಗೆ ಹೋಗುವಾಗ ಇದೊಂದೂ ನನಗೆ ಗೊತ್ತಿರಲಿಲ್ಲ. ಒಂದು ಹಾಳು ಫೋಟೋ ನಂಬಿ ಮುದುಕಿಯೊಬ್ಬರು ಜೀವಮಾನವಿಡೀ ಮಾಡದ್ದನ್ನು ಮಾಡಹೊರಟಿದ್ದಾರೆ, ನಾಳೆ ಹೆಚ್ಚುಕಮ್ಮಿಯಾದರೆ ನನ್ನ ತಲೆಗೇ ಬರುತ್ತದೆ ಎಂಬ ಭಯವಷ್ಟೇ ಇತ್ತು.

ಒಳಕೋಣೆಯಲ್ಲಿ ಸಾಲಾಗಿ ಎಲೆ ಹಾಕಿದ್ದರು. ಅನ್ನ, ಬಂಗುಡೆ ಮೀನಿನ ಸಾರು, ಕೋಳಿ, ಉದ್ದಿನ ದೋಸೆ. ತಾಯಿಯ ಎಲೆಯ ಪಕ್ಕ ಒಂದು ಹೊಸ ಎಲೆ. ಅವರಿಗೆ ಏನು ಇಷ್ಟವಿತ್ತು ಎಂದು ಯಾರಿಗೂ ಗೊತ್ತಿಲ್ಲದ್ದರಿಂದ ಅದಕ್ಕೆ ಎಲ್ಲವನ್ನೂ ಸ್ವಲ್ಪ ಹೆಚ್ಚೇ ಬಡಿಸಿದ್ದರು. ಮುತ್ತೈದೆಯಾಗಿ ಹೋದವರ ಎಲೆಯ ತುದಿಗೆ ಕುಂಕುಮ, ಹೂವು, ಬಳೆ ಇಡುವುದು ಅವರ ಮನೆಯ ಕ್ರಮ. ಪದ್ದಕ್ಕ ಕುಂಕುಮದ ಬಟ್ಟಲು ಹಿಡಿದು ತಾಯಿಯ ಎಲೆಯ ಮುಂದೆ ಬಗ್ಗಿದವರು ಹಾಗೇ ನಿಂತರು. ಕೈ ಮುಂದೆ ಬರಲಿಲ್ಲ. ಸುಧಾಕರನನ್ನು ನೋಡದೆ ನನ್ನನ್ನು ನೋಡಿದರು.

ನಾನು ಇಂಥದ್ದಕ್ಕೆಲ್ಲ ಯಾರು? ಆದರೂ ಬಾಯಿ ತೆರೆಯಿತು. "ಇಡಿ ಪದ್ದಕ್ಕ. ಅವ್ರ್ ಇಟ್ಕಂಡೇ ಹೋಯಿರಲ್ದಾ, ಇನ್ ಯಾರ್ ಒರ್ಸುಕಾತ್ತ್?"

ಆಕೆ ಇಟ್ಟರು. ಎಂದಿಗಿಂತ ದೊಡ್ಡದಾಗಿಯೇ ಇಟ್ಟರು.

ಆಮೇಲೆ ಒಬ್ಬೊಬ್ಬರನ್ನೇ ಸಂಬಂಧ ಹಿಡಿದು ಊಟಕ್ಕೆ ಕರೆದು, ಬಾಗಿಲು ಎಳೆದುಕೊಂಡು ಹೊರಗೆ ಬಂದು ಸ್ವಲ್ಪ ಹೊತ್ತು ಮಾತಿಲ್ಲದೆ ಕೂರಬೇಕು. ಅಜ್ಜಿಯನ್ನು, ಮಾವನನ್ನು, ತಾಯಿಯನ್ನು ಕರೆದದ್ದಾಯಿತು. ಹೊಸ ಎಲೆಯ ಮುಂದೆ ಪದ್ದಕ್ಕನ ತುಟಿ ಅಲುಗಿತು, ದನಿ ಬರಲಿಲ್ಲ. ಮತ್ತೆ ಅಲುಗಿತು. ಆಗ ನನಗೆ ಹೊಳೆಯಿತು, ಆ ಹೆಂಗಸು ಹುಟ್ಟಿದಂದಿನಿಂದ ಯಾರನ್ನೂ ಆ ಮಾತಿನಿಂದ ಕರೆದೇ ಇಲ್ಲ. ಬಾಯಿಗೆ ಅದರ ರೂಢಿಯೇ ಇಲ್ಲ. ಬಾಗಿಲ ಚೌಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡು, ಸಣ್ಣ ಹುಡುಗಿಯ ಹಾಗೆ ಒಡೆದ ದನಿಯಲ್ಲಿ ಕರೆದರು.

"ಅಪ್ಪಯ್ಯ... ಉಂಬುಕ್ ಬನ್ನಿ ಅಪ್ಪಯ್ಯ."

ಸುಧಾಕರ ಮುಖ ಆಚೆ ತಿರುಗಿಸಿದ. ಬಾಗಿಲು ಮುಚ್ಚಿ ಮೂವರೂ ಜಗಲಿಯಲ್ಲಿ ಕೂತೆವು. ಸ್ಪ್ರಿಂಗು, ಕೆಂಪು ಗೆರೆ, ಬಸ್ಸು, ಗಾಜಿನ ಒಡೆದ ಮೂಲೆ, ಎಲ್ಲವನ್ನೂ ನಾನು ಮತ್ತೆ ತಲೆಯಲ್ಲಿ ತಿರುವಿದೆ. ಆಗಲೂ ಎಲ್ಲೂ ತಲುಪಲಿಲ್ಲ, ಇಂದಿಗೂ ತಲುಪಿಲ್ಲ. ಬಂದರಿನ ಕಡೆಯಿಂದ ಬೋಟುಗಳ ಸದ್ದು ಕೇಳುತ್ತಿತ್ತು. ಹೊತ್ತು ಹೋಗುತ್ತಲೇ ಇತ್ತು. ಸುಧಾಕರ ಎದ್ದು ಬಾಗಿಲ ಚಿಲಕಕ್ಕೆ ಕೈ ಹಾಕಿದ.

ಆಗ ನಾನು, ಪಂಚೆಯನ್ನು ಅತ್ತೆ ಎಂದವರನ್ನು ಕಂಡು ನಕ್ಕ ನಾನು, ಅವನ ತೋಳು ಹಿಡಿದೆ. "ಅವ್ಸರ ಮಾಡ್ಬ್ಯಾಡ ಸುಧಾಕರ" ಎಂದೆ. "ಎಷ್ಟ್ ವರ್ಷದ್ ಹಸಿವ್. ನಿಧಾನಕ್ ಉಣ್ಲಿ."